ಬಲಗೈ ಏಳದವರಿಗೆ ದಿನವೂ ಎದುರಾಗುವ ಸಣ್ಣ ಸಣ್ಣ ಕಷ್ಟಗಳು

ಅಕ್ಕ ಬೈಕಿನಿಂದ ಬಿದ್ದು ಮೂರು ತಿಂಗಳಾಯಿತು, ಬಲಗೈ ಮೇಲೆ ಏಳುತ್ತಿಲ್ಲ, ಅಷ್ಟು ದೊಡ್ಡ ನೋವನ್ನು ತಡೆದುಕೊಂಡವರು ಈಗ ಡಬ್ಬದ ಮುಚ್ಚಳಕ್ಕೆಲ್ಲ ಅಳುತ್ತಾರೆ, ಮನೆಯವರು ಏನು ಮಾಡಬೇಕು ಅಂತ ಕೇಳಿದ್ದೀರಿ. ನನ್ನದೂ ಬಲಗೈ, ಹೀಗೇ ಆದ ಪೆಟ್ಟು. ಗಂಡನ ಬೈಕಿನ ಹಿಂದೆ ಕೂತಿದ್ದಾಗ ಬಿದ್ದದ್ದು. ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಅಕ್ಕನಿಗೂ ಓದಿ ಹೇಳಿ.

ಮೊದಲು ಒಂದು ಅವಸರದ ಮಾತು. ಕುತ್ತಿಗೆಯಿಂದ ತೋಳಿಗೆ ಐದು ನರದ ಬೇರುಗಳು ಇಳಿಯುತ್ತವೆ. ಬೀಳುವಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಹೋದರೆ ಅವು ಎಳೆದುಕೊಳ್ಳುತ್ತವೆ, ಕೆಲವು ಸಲ ಹರಿದೇ ಹೋಗುತ್ತವೆ. ಡಾಕ್ಟರು ಇದಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಪೆಟ್ಟು ಅನ್ನುತ್ತಾರೆ. ಅಕ್ಕನದ್ದು ಅದೇ ಆಗಿದ್ದರೆ ನರದ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರನ್ನು ಈಗಲೇ ನೋಡಿ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ತಾನಾಗಿ ಚೇತರಿಸಿಕೊಳ್ಳುವವರೂ ಇದ್ದಾರೆ. ಆದರೆ ಬೇಕಾದವರಿಗೆ ಆರು ತಿಂಗಳೊಳಗೆ ಆದರೆ ಒಳ್ಳೆಯದು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಅದು ಬಂದು ಸೇರುವಷ್ಟರಲ್ಲಿ ಸ್ನಾಯು ಪೂರ್ತಿ ಸೊರಗಿಬಿಟ್ಟಿದ್ದರೆ ಪ್ರಯೋಜನವಿಲ್ಲ. 'ಎಣ್ಣೆ ತಿಕ್ಕಿ ನೋಡೋಣ, ಇನ್ನೊಂದು ವರ್ಷ ಹೋಗಲಿ' ಅನ್ನುವವರು ಎಲ್ಲಾ ಊರಲ್ಲೂ ಇರುತ್ತಾರೆ. ದಯವಿಟ್ಟು ಕಾಯಬೇಡಿ. ನನಗೆ ಕೆಲಸ ಮಾಡುತ್ತಿದ್ದ ನರದ ಒಂದು ಎಳೆಯನ್ನು ತೋಳಿನ ನರಕ್ಕೆ ಜೋಡಿಸಿದರು. ಮೊಣಕೈ ಈಗ ಅರ್ಧ ಮಡಚುತ್ತದೆ. ಭುಜ ಏಳುವುದಿಲ್ಲ. ಬೆರಳು ಆಡುತ್ತವೆ.

ಈ ಬೆರಳು ಆಡುವುದನ್ನು ನೋಡಿ ಜನ 'ಸರಿಯಾಗಿದೆಯಲ್ಲ' ಅನ್ನುತ್ತಾರೆ. ತೊಡೆಯ ಮೇಲೆ ಇಟ್ಟುಕೊಂಡರೆ ಈ ಕೈ ಲೋಟ ಹಿಡಿಯುತ್ತದೆ. ಆ ಲೋಟ ಬಾಯಿಗೆ ಬರುವುದಿಲ್ಲ. ಅದನ್ನು ಎಷ್ಟು ಜನರಿಗೆ ಅಂತ ವಿವರಿಸುವುದು?

ಇನ್ನು ಮುಚ್ಚಳದ ವಿಷಯ. ಅಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಅಕ್ಕ ಪೇಸ್ಟಿನ ಟ್ಯೂಬಿನ ಜೊತೆ, ಲಂಗದ ಲಾಡಿಯ ಜೊತೆ, ಹಾಲಿನ ಪ್ಯಾಕೆಟ್ಟಿನ ಜೊತೆ ಗುದ್ದಾಡಿ ಬಂದಿರುತ್ತಾರೆ. ಮನೆಯವರಿಗೆ ಕಾಣುವುದು ಕೊನೆಯದು ಮಾತ್ರ. ಅದಕ್ಕೇ 'ಇಷ್ಟಕ್ಕೆಲ್ಲ ಯಾಕೆ ಅಳ್ತೀಯ' ಅನ್ನುವ ಮಾತು ಅಷ್ಟು ಚುಚ್ಚುತ್ತದೆ.

ನನಗೆ ನಿಧಾನವಾಗಿ ತಿಳಿದದ್ದು ಇಷ್ಟು. ಮನೆಗೆಲಸದಲ್ಲಿ ಒಂದು ಕೈ ಕೆಲಸ ಮಾಡುತ್ತದೆ, ಇನ್ನೊಂದು ಹೆಚ್ಚಾಗಿ ಹಿಡಿದುಕೊಂಡಿರುತ್ತದೆ ಅಷ್ಟೇ. ನಮಗೆ ಇಲ್ಲವಾಗಿರುವುದು ಆ ಹಿಡಿದುಕೊಳ್ಳುವ ಕೈ. ಹಾಗಾಗಿ ಎಲ್ಲಿ ಸಿಕ್ಕಿಕೊಂಡರೂ 'ಇದನ್ನು ಬೇರೆ ಯಾವುದು ಹಿಡಿದುಕೊಳ್ಳಬಹುದು' ಅಂತ ಯೋಚಿಸಿ. ತೊಡೆ, ಪಾದ, ಗೋಡೆ, ಒದ್ದೆ ಬಟ್ಟೆ, ಮೊಳೆ, ಯಾವುದಾದರೂ ಸರಿ. ಹಲ್ಲು ಮಾತ್ರ ಬೇಡ. ಪ್ಯಾಕೆಟ್ ಕಚ್ಚಿ ಹರಿಯುವ ಅಭ್ಯಾಸ ಬೇಗ ಬರುತ್ತದೆ, ಹಲ್ಲು ಹಾಳಾಗುತ್ತದೆ.

ಅಡುಗೆಮನೆಯಲ್ಲಿ ಚಾಕು ಕಷ್ಟ, ತರಕಾರಿ ಓಡಾಡುತ್ತದೆ. ಹಲಗೆಗೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆದು, ಅದರ ಮೊನೆಗೆ ಆಲೂಗಡ್ಡೆ ಚುಚ್ಚಿ ನಿಲ್ಲಿಸಿದರೆ ಸಿಪ್ಪೆಯನ್ನೂ ತೆಗೆಯಬಹುದು, ಹೆಚ್ಚಲೂಬಹುದು. ಆದರೆ ನನಗೆ ಅದಕ್ಕಿಂತ ಸಲೀಸಾದದ್ದು ನಮ್ಮತ್ತೆಯ ಈಳಿಗೆ ಮಣೆ. ಮಣೆಯನ್ನು ಕಾಲು ಹಿಡಿದಿರುತ್ತದೆ, ಅಲಗು ನಿಂತಲ್ಲೇ ಇರುತ್ತದೆ, ತರಕಾರಿ ಹಿಡಿದ ಒಂದು ಕೈ ಮಾತ್ರ ಓಡಾಡುತ್ತದೆ. ಬೀನ್ಸ್, ಸೌತೆಕಾಯಿ, ಬಸಳೆ ಎಲ್ಲಾ ಆಗುತ್ತದೆ. ಮೊದಲು ನಿಧಾನವಾಗಿ, ಪಕ್ಕದಲ್ಲಿ ಒಬ್ಬರು ಇದ್ದಾಗ ಕಲಿಯಲಿ. ಕಾಯಿ ತುರಿಯುವುದು ಮಾತ್ರ ಆಗಲಿಲ್ಲ. ಹೋಳನ್ನು ತಿರುಗಿಸುತ್ತಾ ಒತ್ತಿ ಹಿಡಿಯಲು ಎರಡೂ ಕೈ ಬೇಕೇ ಬೇಕು. ಈಗ ಯಾರಾದರೂ ಕಾಯಿ ಒಡೆದು ಕೊಟ್ಟರೆ ಹೋಳನ್ನು ರಾತ್ರಿ ಫ್ರೀಜರಿನಲ್ಲಿ ಇಡುತ್ತೇನೆ. ಬೆಳಗ್ಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ತಿರುಳು ಚಿಪ್ಪಿನಿಂದ ಸುಲಭವಾಗಿ ಏಳುತ್ತದೆ. ಚೂರು ಮಾಡಿ ಮಿಕ್ಸಿಗೆ ಹಾಕಿದರಾಯಿತು. ಪಾತ್ರೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಇರಲಿ. ಬಾಟಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿ ಮುಚ್ಚಳ ತಿರುಗಿಸಬಹುದು. ನೀವು ಮಾಡಬೇಕಾದದ್ದು ಇಷ್ಟೇ: ಮನೆಯ ಡಬ್ಬಗಳ ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿ.

ಬಟ್ಟೆ ಹಾಕುವಾಗ ಏಳದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಲಾಡಿಯ ಬದಲು ಎಲಾಸ್ಟಿಕ್. ಸೀರೆಯ ನೆರಿಗೆ ಹೊಲಿಸಿಬಿಡಿ. ಚೆನ್ನಾಗಿರುವ ಕೈಯ ಉಗುರು ಕತ್ತರಿಸುವುದೇ ವಿಚಿತ್ರ ಕಷ್ಟ, ಏಕೆಂದರೆ ಆ ಕೈಗೆ ಕೆಲಸ ಮಾಡಿಕೊಡುವವರು ಯಾರೂ ಇಲ್ಲ. ಉಗುರು ಉಜ್ಜುವ ಪಟ್ಟಿಯನ್ನು ಮೇಜಿನ ಅಂಚಿಗೆ ಅಂಟಿಸಿ ಉಗುರನ್ನೇ ಅದಕ್ಕೆ ಉಜ್ಜುತ್ತೇನೆ. ಆ ಕೈಗೆ ಸೋಪು ಹಚ್ಚುವುದೂ ಹಾಗೇ, ನೊರೆ ಮಾಡಿದ ಬಟ್ಟೆಯನ್ನು ತೊಡೆಯ ಮೇಲೆ ಹಾಸಿ ತೋಳನ್ನು ಅದರ ಮೇಲೆ ಉಜ್ಜುವುದು.

ಜಡೆಗೆ ಮಾತ್ರ ಯಾವ ಉಪಾಯವೂ ಸಿಗಲಿಲ್ಲ. ಕೂದಲು ಭುಜದವರೆಗೆ ಕತ್ತರಿಸಿದೆ, ಒಂದೇ ಕೈಯಲ್ಲಿ ಹಾಕುವ ಕ್ಲಿಪ್ ಸಾಕಾಗುತ್ತದೆ. ಊರವರು ಕೇಳಿದರು, ಹೇಳಿದರು, ಆಮೇಲೆ ಬಿಟ್ಟರು. ಆದರೆ ಹೂ ಮುಡಿಯುವುದು, ಎಡಗೈಗೆ ಬಳೆ ಹಾಕಿಕೊಳ್ಳುವುದು ಇವತ್ತಿಗೂ ಇನ್ನೊಬ್ಬರಿಂದಲೇ ಆಗಬೇಕು. ಅಕ್ಕ ಹಬ್ಬದ ದಿನ ಸುಮ್ನೆ ಮಂಕಾಗಿ ಕೂತಿದ್ದರೆ ಒಮ್ಮೆ ಇದನ್ನು ನೆನಪು ಮಾಡಿಕೊಳ್ಳಿ. ಅವರಾಗಿ ಕೇಳಲಿ ಅಂತ ಕಾಯದೆ ಹೋಗಿ ಹೂ ಮುಡಿಸಿ.

ಮಳೆಗಾಲ ಬೇರೆಯೇ ಕಥೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಗೊತ್ತಲ್ಲ, ಆಗುಂಬೆ ಪಕ್ಕದಲ್ಲೇ ಇದೆ. ಇರುವ ಒಂದು ಕೈಗೆ ಕೊಡೆ ಬಂತು ಅಂದರೆ ಅಲ್ಲಿಗೆ ಮುಗಿಯಿತು. ಚೀಲ ಹಿಡಿಯಲಾಗದು, ಗೇಟು ತೆಗೆಯಲಾಗದು, ಫೋನ್ ಬಂದರೆ ಎತ್ತಲಾಗದು. ಗಾಳಿಗೆ ಕೊಡೆ ಮಗುಚಿದರೆ ಸರಿ ಮಾಡಲೂ ಆಗದು. ಹಿಂದೆ ನಮ್ಮೂರಲ್ಲಿ ನಾಟಿ ಮಾಡುವವರು ಬೆನ್ನಿಗೆ ಗೊರಬು (ತಲೆ, ಬೆನ್ನು ಮುಚ್ಚುವ ಎಲೆಯ ಹೊದಿಕೆ) ಹಾಕುತ್ತಿದ್ದರು, ಗಂಡಸರು ಕಂಬಳಿ ಕೊಪ್ಪೆ (ತಲೆಯಿಂದ ಇಳಿಬಿಡುವ ಹೊದಿಕೆ) ಹಾಕುತ್ತಿದ್ದರು. ಎರಡನ್ನೂ ಮಾಡಿದ್ದೇ ಕೈ ಖಾಲಿ ಇರಲಿ ಅಂತ. ನಾನು ಈಗ ತೋಟಕ್ಕೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡೇ ಹೋಗುವುದು, ಪೇಟೆಗೆ ಮುಂದೆ ಒತ್ತುಗುಂಡಿ ಇರುವ ರೇನ್‌ಕೋಟ್. ಜಿಪ್ಪಿನದ್ದು ತರಬೇಡಿ, ಜಿಪ್ಪಿನ ಬುಡ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು. ಇನ್ನು ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಕಾಲಿಗೆ ಹತ್ತಿದರೆ ತೆಗೆಯಬಹುದು. ಎಡಗೈಗೇ ಕಚ್ಚಿದರೆ ಏನು ಮಾಡುವುದು? ಸೊಂಟದಲ್ಲಿ ಉಪ್ಪಿನ ಸಣ್ಣ ಬಟ್ಟೆ ಗಂಟು ಇಟ್ಟುಕೊಂಡಿರುತ್ತೇನೆ. ಅದನ್ನು ಒದ್ದೆ ಮಾಡಿ ಅದಕ್ಕೇ ಕೈ ಒತ್ತಿದರೆ ಬಿಡುತ್ತದೆ.

ಬಸ್ಸಿನಲ್ಲಿ ನಿಲ್ಲುವುದು ಅಪಾಯ. ತಿರುವಿನಲ್ಲಿ ಕಂಬಿ ಹಿಡಿದಿರುವ ಕೈ ಬಿಟ್ಟು ದುಡ್ಡು ತೆಗೆಯಬೇಕು. 2023ರ ಜೂನ್‌ನಿಂದ ಮಾಮೂಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸೇ ಗತಿ. ನಾನು ಹತ್ತುವ ಮೊದಲೇ ಚಿಲ್ಲರೆ ತೆಗೆದು ರವಿಕೆಗೆ ಸಿಕ್ಕಿಸಿಕೊಳ್ಳುತ್ತೇನೆ. ಮನೆಯಲ್ಲಿ ಬೇಡದಿದ್ದರೂ ಪೇಟೆಗೆ ಹೋಗುವಾಗ ಸ್ಲಿಂಗ್ (ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ) ಹಾಕುತ್ತೇನೆ. ಅದನ್ನು ನೋಡಿದರೆ ಜನ ಸೀಟು ಬಿಡುತ್ತಾರೆ. ಅದಕ್ಕಿಂತ ಮುಖ್ಯ, ಸಹಾಯ ಮಾಡಲು ಬಂದು ಆ ಕೈಯನ್ನೇ ಹಿಡಿದು ಎಳೆಯುವುದಿಲ್ಲ. ಸ್ನಾಯು ಸೊರಗಿದ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಮನೆಯ ಮಕ್ಕಳಿಗೂ ಇದನ್ನು ಹೇಳಿಡಿ.

ಇನ್ನೊಂದು ವಿಷಯ ಬಲಗೈ ಹೋದವರಿಗೆ ಮಾತ್ರ ಗೊತ್ತು. ಊಟ ಎಡಗೈಯಲ್ಲಿ. ಅಂಗಡಿಯವರಿಗೆ ದುಡ್ಡು ಎಡಗೈಯಲ್ಲಿ. ತೀರ್ಥಕ್ಕೆ ಎಡಗೈ ಒಡ್ಡಿದಾಗ ಪೂಜೆಯವರೊಬ್ಬರು ಉದ್ಧರಣೆ ಹಿಂದಕ್ಕೆ ತೆಗೆದುಕೊಂಡರು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರು. ಎಡಗೈಯಲ್ಲಿ ಬರೆಯಲು ಕಲಿಯುವುದಕ್ಕಿಂತ ಇದು ನನಗೆ ಕಷ್ಟವಾಯಿತು. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ನಮ್ಮ ಅತ್ತೆ ಒಂದು ದಿನ ನನ್ನ ಜೊತೆ ಬಂದು, ಪಕ್ಕದಲ್ಲಿ ಕೂತು, ಬಡಿಸುವವರಿಗೂ ಸಾಲಿನವರಿಗೂ ಕೇಳುವ ಹಾಗೆ 'ನಮ್ಮ ಹುಡುಗಿಗೆ ಬಲಗೈ ಏಳಲ್ಲ, ಎಡಗೈಲೇ ಉಣ್ತಾಳೆ' ಅಂದರು. ಅಷ್ಟೇ. ಎಲ್ಲರೂ ಊಟ ಮಾಡಿದರು. ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ಈ ಕೆಲಸ ಮಾಡಲೇಬೇಕು. ಅಕ್ಕ ತಾವೇ ಪ್ರತಿ ಸಲ ಹೇಳುವ ಹಾಗೆ ಬಿಡಬೇಡಿ.

ಕೆಲಸವನ್ನೆಲ್ಲ ಕಸಿದುಕೊಳ್ಳಲೂಬೇಡಿ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಎಲ್ಲರೂ ಕೂರುತ್ತಾರೆ, ಅದು ನನ್ನಿಂದ ಆಗುವುದಿಲ್ಲ. ಅಡಿಕೆ ಆರಿಸುವುದು ಒಂದು ಕೈಯ ಕೆಲಸ. ಈಗ ಅದು ನನ್ನದು. ಹರಟೆಯಲ್ಲಿ ನಾನೂ ಇರುತ್ತೇನೆ.

ಕರೆಂಟ್ ಹೊಡೆದ ಹಾಗೆ ಕೈಯಲ್ಲಿ ನೋವು ಬರುತ್ತದೆ ಅಂತ ಅಕ್ಕ ಹೇಳಿದರೆ ನಂಬಿ. ಅದು ನರದ ನೋವು, ಮಾಮೂಲಿ ನೋವಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ, ಅದಕ್ಕೆ ಬೇರೆ ಔಷಧಿ ಇದೆ, ಡಾಕ್ಟರನ್ನು ಕೇಳಿ. ಎಡಗೈಗೂ ವಿಶ್ರಾಂತಿ ಬೇಕು. ಎರಡು ಕೈಯ ಕೆಲಸ ಒಂದೇ ಮಾಡಿದರೆ ಅದರ ಭುಜ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಫಿಸಿಯೋಥೆರಪಿಯವರು ಏಳದ ಕೈಯ ಕೀಲುಗಳನ್ನು ದಿನವೂ ಆಡಿಸುವುದು ಹೇಗೆ ಅಂತ ಮನೆಯವರಿಗೂ ಕಲಿಸುತ್ತಾರೆ, ಕಲಿತುಕೊಳ್ಳಿ. ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ.

ಚೇತರಿಕೆ ಎಲ್ಲಿಗೆ ನಿಂತಿತು ಅಂತ ಡಾಕ್ಟರು ಹೇಳಿದ ಮೇಲೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರ್ಕಾರಿ ಕೆಲಸದ ಮೀಸಲಾತಿಯಂಥ ಸೌಲಭ್ಯ ಸಿಗುತ್ತದೆ. ತಪಾಸಣೆಗೆ ಹೋಗುವಾಗ ಆಪರೇಷನ್ ಮತ್ತು ನರದ ಪರೀಕ್ಷೆಯ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ. ಬೆರಳು ಆಡುವುದನ್ನು ಮಾತ್ರ ನೋಡಿ ಕಳಿಸುವ ಹಾಗೆ ಆಗಬಾರದು.

ಅಕ್ಕನಿಗೆ ಬೆರಳು ಎಷ್ಟು ಆಡುತ್ತದೆ, ಮೊಣಕೈ ಮಡಚುತ್ತದಾ, ಮನೆಯಲ್ಲಿ ಯಾವ ಕೆಲಸಕ್ಕೆ ಜಾಸ್ತಿ ಸಿಟ್ಟು ಬರುತ್ತದೆ, ಇಷ್ಟನ್ನು ಅವರನ್ನೇ ಕೇಳಿ ಇಲ್ಲಿ ಬರೆಯಿರಿ. ಒಂದೊಂದಕ್ಕೂ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ.