ಮೊದಲ ಸ್ಮೋಕರ್ ಯಾವುದು ತಗೊಳ್ಳಲಿ?

ಪ್ರಶ್ನೆ: ಅಮೆರಿಕದವರು ಮಾಂಸವನ್ನು ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿ ಬೇಯಿಸೋದನ್ನ ಯೂಟ್ಯೂಬ್‌ನಲ್ಲಿ ನೋಡಿ ನಮ್ಮ ಯಜಮಾನರಿಗೆ ಹುಚ್ಚು ಹಿಡಿದಿದೆ, ಅದಕ್ಕೆ ಸ್ಮೋಕರ್ ಅನ್ನೋ ಹೊಗೆ ಒಲೆ ಬೇಕಂತೆ. ವೆಲ್ಡಿಂಗ್ ಅಂಗಡಿಯವರು 200 ಲೀಟರ್ ಡ್ರಮ್ ಅಡ್ಡ ಮಲಗಿಸಿ, ಪಕ್ಕಕ್ಕೆ ಬೆಂಕಿಪೆಟ್ಟಿಗೆ ಜೋಡಿಸಿ ಕೊಡ್ತೀನಿ ಅಂತಾರೆ. ಆನ್‌ಲೈನಲ್ಲಿ ಕರೆಂಟಿನದೂ ಇದೆ, ದುಂಡಗಿನದೂ ಇದೆ. ಮನೆಯಲ್ಲಿ ಐದು ಜನ. ಹೊಸತೊಡಕಿಗೆ ಮುಂಚೆ ತರಬೇಕಂತೆ. ಯಾವುದು ವಾಸಿ?
– ಓದುಗರು, ಶ್ರೀನಿವಾಸಪುರ

ಉತ್ತರ: ಅಮ್ಮ, ವೆಲ್ಡಿಂಗ್ ಅಂಗಡಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲ ಅಂದರೆ ಮುಂದೆ ಓದಿ.

ನಾನೂ ಆ ಡ್ರಮ್ಮಿನಿಂದಲೇ ಶುರು ಮಾಡಿದವನು. ಇಪ್ಪತ್ತೊಂಬತ್ತು ವರ್ಷ ಲೇತ್ ಮುಂದೆ ನಿಂತವನು, ಕಬ್ಬಿಣದ ವಿಷಯ ನನಗೆ ಯಾರು ಹೇಳಬೇಕು ಅನ್ನೋ ಜಂಬ ಬೇರೆ. ಬಂಗಾರಪೇಟೆಯ ನಮ್ಮ ಮನೆ ಹಿತ್ತಲಲ್ಲಿ ಬೀಗರನ್ನು ಕರೆದು ಬೆಂಕಿ ಹಚ್ಚಿದೆ. ಡ್ರಮ್ಮಿನ ತಗಡು ಒಂದು ಮಿಲಿಮೀಟರ್ ಚಿಲ್ಲರೆ ದಪ್ಪ. ಗಾಳಿ ಬೀಸಿದರೆ ತಣ್ಣಗಾಗೋದು, ಸೌದೆ ಹಾಕಿದರೆ ಕುದುರೆ ಥರ ಓಡೋದು. ಮುಚ್ಚಳದ ಸಂದಿನಲ್ಲಿ ಐದು ರೂಪಾಯಿ ನಾಣ್ಯ ಆರಾಮಾಗಿ ತೂರುತ್ತಿತ್ತು. ಇಪ್ಪತ್ತು ನಿಮಿಷಕ್ಕೊಂದು ಸಲ ಎದ್ದು ಸೌದೆ ತಳ್ಳಿದ್ದೇ ತಳ್ಳಿದ್ದು. ಮೂರು ಗಂಟೆ ಹೊತ್ತಿಗೆ ಬೆಂಕಿ ಕಡೆಯ ಕೋಳಿ ಇದ್ದಿಲು, ಆ ಕಡೆಯದು ಹಸಿ. ಎರಡಕ್ಕೂ ಪೇಂಟಿನ ವಾಸನೆ. ಡ್ರಮ್ ಒಳಗಿನ ಬಣ್ಣ ಸುಟ್ಟು ತೆಗೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಬೀಗರು ಮುದ್ದೆ, ಮೊಟ್ಟೆ ಸಾರು ಉಂಡು ಹೋದರು.

ಆ ಮಾದರಿ ಕೆಟ್ಟದ್ದಂತಲ್ಲ. ಟೆಕ್ಸಾಸ್ ಕಡೆ ಅದೇ ರಾಜ. ಆದರೆ ಅಲ್ಲಿ ಒಳ್ಳೆಯದನ್ನು ಆರು ಮಿಲಿಮೀಟರ್ ಕಬ್ಬಿಣದಲ್ಲಿ ಮಾಡುತ್ತಾರೆ, ಬಿಸಿ ಹಿಡಿದಿಟ್ಟುಕೊಳ್ಳಲಿ ಅಂತ. ಜೊತೆಗೆ ಒಬ್ಬ ಮನುಷ್ಯ ದಿನವಿಡೀ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ನಾನು ಕೇಳೋದು ಇಷ್ಟೇ: ನಿಮ್ಮ ಯಜಮಾನರು ಬೆಂಕಿ ಮುಂದೆ ಎಷ್ಟು ಹೊತ್ತು ಕೂರುತ್ತಾರೆ? ಅರ್ಧ ಗಂಟೆಗೆ ಫೋನ್ ಹಿಡಿದು ಎದ್ದು ಹೋಗೋರಾದರೆ ಆ ಡ್ರಮ್ ಕೊನೆಗೆ ನಿಮ್ಮ ತಲೆಗೇ ಬರುತ್ತೆ. ಇನ್ನೊಂದು ಮಾತು. ಯಾರೇ ಮಾಡಿಕೊಟ್ಟರೂ ಬೆಂಕಿ ತಾಗೋ ಜಾಗಕ್ಕೆ ಜಿಂಕ್ ಲೇಪಿಸಿದ ತಗಡು ಬೇಡ. ಕಾದರೆ ಅದರ ಹೊಗೆ ಒಳ್ಳೆಯದಲ್ಲ. ಒಳಗೆ ಮುಂಚೆ ಏನು ತುಂಬಿದ್ದರು ಅಂತ ಗೊತ್ತಿಲ್ಲದ ಡ್ರಮ್ಮೂ ಬೇಡ.

ಕರೆಂಟಿನದು ಸುಲಭ. ಗುಂಡಿ ತಿರುಗಿಸಿದರೆ ಆಯ್ತು. ಆದರೆ ಹೊಗೆ ಸಪ್ಪೆ, ಮೂರನೇ ಗಂಟೆಯಲ್ಲಿ ಕರೆಂಟು ಹೋದರೆ ಮಾಂಸ ಉಗುರು ಬೆಚ್ಚಗೆ ಕೂತಿರುತ್ತೆ. ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್ ಹಾಕೋ ಮಿಷನ್ನಿಗೆ ಕರೆಂಟೂ ಬೇಕು, ಅಡುಗೆಗೆ ಅಂತಲೇ ಮಾಡಿದ ಪೆಲೆಟ್ಟೂ ಬೇಕು. ಬಾಯ್ಲರ್‌ಗೆ ಸುರಿಯೋ ಪೆಲೆಟ್ ಹಾಕಬೇಡಿ. ಕಮಾಡೊ ಅನ್ನೋ ಮೊಟ್ಟೆ ಆಕಾರದ ಪಿಂಗಾಣಿ ಒಲೆ ಚೆನ್ನಾಗಿ ಬಿಸಿ ಹಿಡಿಯುತ್ತೆ. ಅದರ ತೂಕ, ಬೆಲೆ ಎರಡೂ ನೋಡಿ ನಾನು ಕೈಮುಗಿದೆ.

ನಾನು ಹೇಳೋದು ದುಂಡಗಿನದು, ಮುಚ್ಚಳ ಇರೋ ಕೆಟಲ್. ಹೆಸರಿಗೆ ಅದು ಸ್ಮೋಕರ್ ಅಲ್ಲ, ಸುಡೋ ಒಲೆ. 1952ರಲ್ಲಿ ಅಮೆರಿಕದಲ್ಲಿ ಜಾರ್ಜ್ ಸ್ಟೀಫನ್ ಎಂಬವರು ನೀರಿನ ಮೇಲೆ ತೇಲಿಬಿಡೋ ಕಬ್ಬಿಣದ ಬುರುಡೆಯನ್ನು ಎರಡು ಹೋಳು ಮಾಡಿ ಇದನ್ನು ಮಾಡಿದರು. ಅವರು ಕೆಲಸ ಮಾಡುತ್ತಿದ್ದದ್ದು ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ. ಈ ಕೆಟಲ್ ಮಾರೋ ವೆಬರ್ ಕಂಪನಿಗೆ ಅಲ್ಲಿಂದಲೇ ಆ ಹೆಸರು. ಅದೇ ಬೇಕು ಅಂತಿಲ್ಲ. 57 ಸೆಂಟಿಮೀಟರ್ ಅಗಲದ್ದು ಐದು ಜನಕ್ಕೆ ಸಾಕು. ಇಡೀ ಕೋಳಿ ಕೂರುವಷ್ಟು ಮುಚ್ಚಳ ಎತ್ತರ ಇರಲಿ. ಮೇಲಿನ, ಕೆಳಗಿನ ಗಾಳಿ ಕಂಡಿಗಳು ಪೂರ್ತಿ ಮುಚ್ಚಬೇಕು. ಅಂಗಡಿಯಲ್ಲೇ ಮುಚ್ಚಿ ತೆರೆದು ನೋಡಿ. ಹುಚ್ಚು ಇಳಿದರೂ ನಷ್ಟ ಇಲ್ಲ, ಭಾನುವಾರ ಕಬಾಬ್ ಸುಡಬಹುದು.

ಇದರಲ್ಲಿ ಹೊಗೆ ಹಾಕೋದು ಹೀಗೆ. ಇದ್ದಿಲನ್ನು ಒಳಗಿನ ಅಂಚಿಗೆ ಅರ್ಧ ಚಂದ್ರನ ಥರ ಜೋಡಿಸಿ, ಎರಡು ಸಾಲು, ಮೇಲೆ ಇನ್ನೆರಡು ಸಾಲು. ತೆಂಗಿನ ಚಿಪ್ಪಿನ ಇದ್ದಿಲಿನ ಅಚ್ಚು ಸಿಕ್ಕರೆ ಒಳ್ಳೆಯದು, ಒಂದೇ ಅಳತೆ ಇರೋದರಿಂದ ನಿಧಾನಕ್ಕೆ ಹತ್ತುತ್ತೆ. ಮೇಲೆ ಅಲ್ಲಲ್ಲಿ ಒಣ ಮರದ ತುಂಡು. ಒಂದು ತುದಿಗೆ ಮಾತ್ರ ಎಂಟು ಹತ್ತು ಕೆಂಡ ಇಡಿ. ಬೆಂಕಿ ಸಾಲು ಹಿಡಿದು ಹಾವಿನ ಥರ ತೆವಳುತ್ತೆ. ಮಾಂಸ ಆಚೆ ಕಡೆ, ಅದರ ಕೆಳಗೆ ತಟ್ಟೆಯಲ್ಲಿ ನೀರು. ಮೇಲಿನ ಕಂಡಿ ಪೂರ್ತಿ ತೆರೆದಿರಲಿ, ಕೆಳಗಿನದರಲ್ಲಿ ಗಾಳಿ ಹಿಡಿತ ಮಾಡಿ. 110ರಿಂದ 120 ಡಿಗ್ರಿ ಸೆಲ್ಸಿಯಸ್ ಸಾಕು.

ಹೊಗೆ ತೆಳ್ಳಗೆ, ತುಸು ನೀಲಿಯಾಗಿ, ಕಂಡೂ ಕಾಣದ ಹಾಗೆ ಬರಬೇಕು. ಹಸಿ ಸೌದೆ ಒಲೆ ಥರ ದಟ್ಟ ಬಿಳಿ ಹೊಗೆ ಬಂದರೆ ಮಾಂಸ ಇಡಬೇಡಿ, ಕಾಯಿರಿ. ಆ ಹೊಗೆ ಕುಡಿದ ಮಾಂಸ ಕಹಿ. ಮರದ ತುಂಡು ನೀರಲ್ಲಿ ನೆನೆಸಿ ಅನ್ನೋರ ಮಾತು ಕೇಳಬೇಡಿ.

ಮರಕ್ಕೇನು ಬರ, ಮಾವಿನ ಊರಲ್ಲೇ ಇದ್ದೀರಲ್ವಾ! ತೋಟದಲ್ಲಿ ಕೊಂಬೆ ಕಡಿದಾಗ ಕೇಳಿ ತಂದು ಆರು ತಿಂಗಳು ಒಣಗಿಸಿ. ಸೀಬೆ, ಹುಣಸೆಯೂ ಆಗುತ್ತೆ. ನಮ್ಮ ಕೆರೆ ಅಂಗಳಗಳಲ್ಲಿ ಬೆಳೆದು ಕಾಟ ಕೊಡೋ ಬಳ್ಳಾರಿ ಜಾಲಿ ಇದೆಯಲ್ಲ, ಅದು ಅಮೆರಿಕದವರು ಮೆಸ್ಕೀಟ್ ಅಂತ ಹೊಗಳೋ ಮರದ ಒಡಹುಟ್ಟು. ಹೊಗೆ ಖಡಕ್ಕು, ಒಂದೇ ತುಂಡು ಸಾಕು. ನೀಲಗಿರಿ ಬೇಡ, ಎಣ್ಣೆ. ಬೇವು ಬೇಡ. ಕಣಗಿಲೆ ಕಡ್ಡಿಯನ್ನಂತೂ ಮುಟ್ಟಲೇಬೇಡಿ, ವಿಷ. ಹಳೇ ಪ್ಲೈವುಡ್, ಪಾಲಿಶ್ ಮಾಡಿದ ಬಾಗಿಲು ಚೌಕಟ್ಟು ಕೂಡ ಒಲೆಗೆ ಬೇಡ.

ಈಗ ಮಾಂಸ. ವಿಡಿಯೋದವರು ಬೇಯಿಸೋದು ಐದಾರು ಕಿಲೋದ ದನದ ಎದೆಮಾಂಸ. ನಮ್ಮ ಅಂಗಡಿಯವನು ನೀವು ಬಾಯಿ ತೆರೆಯೋ ಮುಂಚೆ ಸಾರಿನ ಪೀಸ್ ಮಾಡಿರುತ್ತಾನೆ. ಹೊಸತೊಡಕಿನ ಗುಡ್ಡೆ ಮಾಂಸವೂ ಅಷ್ಟೇ, ಪೂರಾ ತುಂಡು ತುಂಡು. ಅದು ಸಾರಿಗೇ ಇರಲಿ. ಕುರಿಯ ಮುಂಗಾಲನ್ನು ಕತ್ತರಿಸದೆ ಇಡಿಯಾಗಿ ಕೊಡಪ್ಪ ಅಂತ ಹಿಂದಿನ ದಿನವೇ ಹೇಳಿ. ಅದರ ನಾರೆಲ್ಲ ಕರಗಬೇಕಾದರೆ ಒಳಗೆ 90 ಡಿಗ್ರಿ ದಾಟಬೇಕು, ಐದಾರು ಗಂಟೆ ಹಿಡಿಯುತ್ತೆ. ನಡುವೆ 65-70ಕ್ಕೆ ಬಂದು ಗಂಟೆಗಟ್ಟಲೆ ಮೊಂಡು ಹಿಡಿದು ನಿಲ್ಲುತ್ತೆ. ಕೆಟ್ಟಿಲ್ಲ, ಹೆದರಬೇಡಿ. ಮಾಂಸ ಬೆವರುತ್ತಿರುತ್ತೆ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗೋ ಲೆಕ್ಕವೇ. ಆಗ ಫಾಯಿಲ್ ಸುತ್ತಿದರೆ ಬೇಗ ಮುಂದೆ ಹೋಗುತ್ತೆ.

ಮೊದಲ ಸಲಕ್ಕೆ ಮಾತ್ರ ಫಾರಂ ಕೋಳಿಯ ಕಾಲು. ನಾಟಿ ಕೋಳಿ ಗಟ್ಟಿ, ಅದಕ್ಕೆ ಸಾರೇ ಸರಿ. ಮೂಳೆ ಪಕ್ಕದಲ್ಲಿ 74 ಡಿಗ್ರಿ ಆಗಲೇಬೇಕು, ನಾನು 80 ದಾಟಿಸುತ್ತೇನೆ. ಇದಕ್ಕೆ ಚುಚ್ಚಿ ನೋಡೋ ಥರ್ಮಾಮೀಟರ್ ಬೇಕೇ ಬೇಕು. ಮುಚ್ಚಳದ ಮೇಲಿರೋ ಮುಳ್ಳು ಹೇಳೋದು ಮುಚ್ಚಳದ ಕಥೆ, ಮಾಂಸದ್ದಲ್ಲ. ತಂದ ದಿನವೇ ಕುದಿಯೋ ನೀರಲ್ಲಿ ಅದ್ದಿ ನೋಡಿ. ನೂರು ತೋರಿಸಲಿಲ್ಲ ಅಂತ ವಾಪಸ್ ಕೊಡಬೇಡಿ. ನಮ್ಮ ಜಿಲ್ಲೆ ಸಮುದ್ರಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತೆ.

ಎಲ್ಲ ಮಾಡೋದು ತೆರೆದ ಮಹಡಿ ಮೇಲೆ, ಇಲ್ಲಾಂದರೆ ಅಂಗಳದಲ್ಲಿ. ಮಳೆ ಬಂತು ಅಂತ ಕೆಂಡದ ಸಮೇತ ಒಳಗೆ ತರಬೇಡಿ. ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತೆ.

ಪ್ರಶ್ನೆ: ಹೊಗೆ ಹಾಕಿದ ಮಾಂಸವನ್ನು ಉಪ್ಪುಖಂಡದ ಥರ ಫ್ರಿಜ್ ಇಲ್ಲದೆ ಇಡಬಹುದಾ?
– ಓದುಗರು, ಮುಳಬಾಗಿಲು

ಉತ್ತರ: ಇಲ್ಲ. ನಮ್ಮಜ್ಜಿ ಉಪ್ಪು, ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ, ಕಾಗೆ ಕಾಯೋಕೆ ನನ್ನನ್ನು ಕೂರಿಸಿ, ಸೌದೆ ಥರ ಗಟ್ಟಿಯಾಗೋವರೆಗೆ ಒಣಗಿಸುತ್ತಿದ್ದಳು. ಕೆಡದೆ ಉಳಿಯುತ್ತಿದ್ದದ್ದು ಉಪ್ಪಿನಿಂದ, ನೀರೆಲ್ಲ ಹೋಗಿದ್ದರಿಂದ. ಸ್ಮೋಕರಿನ ಮಾಂಸದಲ್ಲಿ ರಸ ಹಾಗೇ ಇರುತ್ತೆ, ಮಿಕ್ಕ ಸಾರಿನ ಥರವೇ ಕೆಡುತ್ತೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದಲ್ಲಿ ಮುಗಿಸಿ.

ಪ್ರಶ್ನೆ: ಪಕ್ಕದ ಮನೆಯವರು ಹೊಗೆ ಅಂತ ಜಗಳಕ್ಕೆ ಬರ್ತಾರೆ. ಏನು ಮಾಡಲಿ?
– ಓದುಗರು, ಮಾಲೂರು

ಉತ್ತರ: ಎರಡು ಕಾಲು ಪೀಸ್ ಕಳಿಸಿಕೊಡಿ. ಬಾಡು ತಿನ್ನದವರಾದರೆ ಗಾಳಿ ಆಚೆ ಕಡೆ ಬೀಸೋ ದಿನ ನೋಡಿ ಬೆಂಕಿ ಹಚ್ಚಿ, ಅವರು ಬಟ್ಟೆ ಒಣಹಾಕಿದ್ದಾರಾ ಅಂತ ಮುಂಚೆ ಒಂದ್ಸಲ ಇಣುಕಿ.