ನಿರುದ್ಯೋಗ ಶೇ. 3 ಅಂತಾರೆ, ಊರಲ್ಲಿ ಹುಡುಗರು ಯಾಕೆ ಖಾಲಿ?

ಸರ್, ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆ (ಪಿಎಲ್‌ಎಫ್‌ಎಸ್) ಕರ್ನಾಟಕದ ನಿರುದ್ಯೋಗ ಶೇ. 3ರ ಆಸುಪಾಸು ಅನ್ನುತ್ತೆ, ನಮ್ಮೂರಲ್ಲಿ ಡಿಗ್ರಿ ಹುಡುಗರೆಲ್ಲ ಮನೇಲೇ ಇದ್ದಾರಲ್ಲ ಅಂತ ಕೇಳಿದ್ದೀರಿ. ಅಂಕಿ ಸುಳ್ಳಲ್ಲ, ಲೆಕ್ಕ ಹಾಕೋ ರೀತಿ ಹಾಗಿದೆ. ವಾರದ ಲೆಕ್ಕದಲ್ಲಿ ಏಳು ದಿನಕ್ಕೆ ಒಂದು ಗಂಟೆ ದುಡಿದರೂ ಉದ್ಯೋಗಿ. ವಾರ್ಷಿಕ ಲೆಕ್ಕಕ್ಕೆ 30 ದಿನ ಸಾಕು. ಸಂಬಳ ಬರಲೇಬೇಕು ಅಂತೇನಿಲ್ಲ.

ನಮ್ಮಣ್ಣನ ಮಗ ಬಿ.ಕಾಂ. ಮುಗಿಸಿದ್ದಾನೆ. ಕೊಯ್ಲಿನ ಹೊತ್ತಲ್ಲಿ ಮನೆ ಅಡಿಕೆ ಸುಲೀತಾನೆ, ಉಳಿದ ದಿನ ಕೆಎಎಸ್ ಪುಸ್ತಕ ಹಿಡಿದು ಕೂರ್ತಾನೆ. ಪೆಟ್ರೋಲಿಗೂ ಅಪ್ಪನ ಹತ್ರ ಕೈಚಾಚಬೇಕು, ಆದರೆ ಸರ್ವೆಯಲ್ಲಿ ಅವನು ಉದ್ಯೋಗಿ! ಕೆಲಸ ಹುಡುಕದೆ, ಸಿಕ್ಕರೂ ಮಾಡೋಕೆ ತಯಾರಿಲ್ಲದವರಂತೂ ನಿರುದ್ಯೋಗಿಗಳ ಪಟ್ಟಿಗೇ ಬರಲ್ಲ.

ಒಟ್ಟು ಅಂಕಿ ಬಿಟ್ಟು 15–29 ವಯಸ್ಸಿನವರ, ಅದರಲ್ಲೂ ಪದವೀಧರರ ಕೋಷ್ಟಕ ನೋಡಿ. ನಿಮ್ಮೂರು ಅಲ್ಲಿ ಕಾಣುತ್ತೆ.