ರಾತ್ರಿ ಹನ್ನೊಂದರ ಜ್ವರ

ಶ್ರೀನಿವಾಸಪುರ ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ: "ಎರಡೂವರೆ ವರ್ಷದ ಮಗ ಸಂಜೆಯವರೆಗೂ ಆಡಿಕೊಂಡಿದ್ದ. ರಾತ್ರಿ ಹನ್ನೊಂದಕ್ಕೆ ಮೈ ಕಾದ ಕಾವಲಿಯಂತಾಗಿತ್ತು, ಥರ್ಮಾಮೀಟರ್ 103.4 ತೋರಿಸಿತು. ಅತ್ತೆ ಕಂಬಳಿ ಹೊದಿಸಿದರು. ನಾನು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಸಿರಪ್ ಒಂದು ಚಮಚ ಕುಡಿಸಿ, ಅವನಿಗೆ ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಬೆಳಗಿನವರೆಗೆ ಪಕ್ಕದಲ್ಲೇ ಕುಳಿತಿದ್ದೆ. ಬೆಳಿಗ್ಗೆ ಬಂದ ನಂಟರು, ರಾತ್ರಿಯೇ ಒಂದು ಇಂಜೆಕ್ಷನ್ ಹಾಕಿಸಬಾರದಿತ್ತೇ, ಜ್ವರ ತಲೆಗೇರಿದ್ದರೆ ಏನು ಗತಿ ಎಂದು ಬೈದರು. ಮೂರನೆಯ ದಿನ ಜ್ವರ ಬಿಟ್ಟಿತು. ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ನಾನು ತಪ್ಪು ಮಾಡಿದೆನೇ?"

ಇಲ್ಲ, ತಾಯಿ. ಆ ರಾತ್ರಿ ನಿಮ್ಮ ಮನೆಯಲ್ಲಿ ಮಗುವಿಗೆ ಅತ್ಯಂತ ಅಗತ್ಯವಾಗಿದ್ದ ಕೆಲಸವನ್ನು ಮಾಡಿದವರು ನೀವೇ. ನಿದ್ದೆಗೆಟ್ಟು ಅವನನ್ನು ನೋಡುತ್ತಾ ಕುಳಿತಿದ್ದಿರಿ.

ನಂಟರ ಆತಂಕವೂ ಸುಳ್ಳಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಮುಟ್ಟಿದರೂ ಹಗಲು ರಾತ್ರಿ ಎನ್ನದೆ ಆಸ್ಪತ್ರೆಗೆ ಓಡಬೇಕು. ಮಗು ಎಬ್ಬಿಸಿದರೂ ಏಳದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಕುತ್ತಿಗೆ ಬಿಗಿದಿದ್ದರೆ, ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದರೆ, ಏಳೆಂಟು ಗಂಟೆ ಮೂತ್ರ ಮಾಡದಿದ್ದರೆ, 108ಕ್ಕೆ ಕರೆ ಮಾಡುವುದಕ್ಕೆ ಯಾರ ಒಪ್ಪಿಗೆಯನ್ನೂ ಕಾಯಬೇಡಿ. ಅಷ್ಟನ್ನು ಒಪ್ಪಿಕೊಂಡು ನನ್ನ ಮಾತಿಗೆ ಬರುತ್ತೇನೆ.

ನಮ್ಮ ಸೀಮೆಯಲ್ಲಿ ಜ್ವರವನ್ನೇ ರೋಗ ಎಂದುಕೊಂಡು ಅದನ್ನು ಹೊಡೆದು ಓಡಿಸಲು ಹೊರಡುತ್ತೇವೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವೈದ್ಯ ಕಾರ್ಲ್ ವುಂಡರ್ಲಿಖ್ ಸಾವಿರಾರು ರೋಗಿಗಳ ಮೈಬಿಸಿ ಅಳೆದು, ಜ್ವರ ರೋಗವಲ್ಲ, ರೋಗದ ಲಕ್ಷಣ ಎಂದು ತೋರಿಸಿಕೊಟ್ಟದ್ದು 1868ರಲ್ಲಿ. ಒಳಗೆ ಸೋಂಕು ಹೊಕ್ಕಾಗ ಮಿದುಳೇ ಮೈಯ ಬಿಸಿಯನ್ನು ಏರಿಸುತ್ತದೆ. ಆ ಬಿಸಿಯಲ್ಲಿ ರೋಗಾಣುಗಳು ಬೆಳೆಯುವುದು ಕಷ್ಟ. ಸೋಂಕಿನಿಂದ ಬಂದ 103, 104ರ ಜ್ವರ ತಾನಾಗಿ ಮಿದುಳನ್ನು ಸುಡುವುದಿಲ್ಲ. ಸಿರಪ್ ಕೊಡುವುದು ಮಗುವಿನ ಸಂಕಟ ಇಳಿಯಲಿ ಎಂದು, ಅಂಕಿ 98.6ಕ್ಕೆ ಬರಲಿ ಎಂದಲ್ಲ. ಒಂದೆರಡು ಡಿಗ್ರಿ ಇಳಿದು ಮಗು ನಾಲ್ಕು ಗುಟುಕು ಗಂಜಿ ಕುಡಿದು ನಿಮ್ಮ ಬಳೆ ಹಿಡಿದು ಆಡಿತೆಂದರೆ ಸಿರಪ್ಪಿನ ಕೆಲಸ ಆಯಿತು.

ನಿಮ್ಮ ಮೇಲೆ ಕೋಪ ಬಂದದ್ದು ಒಂದೇ ಕಡೆ, "ಒಂದು ಚಮಚ" ಎಂಬಲ್ಲಿ. ಯಾವ ಚಮಚ, ಯಾವ ಬಾಟಲಿ? ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂಬುದು ಲೆಕ್ಕ. ಹನ್ನೆರಡು ಕಿಲೋ ಮಗುವಿಗೆ ಮೊದಲನೆಯದಾದರೆ ಏಳೂವರೆ ಮಿಲಿಲೀಟರ್, ಎರಡನೆಯದಾದರೆ ಮೂರೂವರೆ. ನಾಲ್ಕರಿಂದ ಆರು ಗಂಟೆ ಬಿಡದೆ ಮತ್ತೆ ಕೊಡಬಾರದು, ದಿನಕ್ಕೆ ನಾಲ್ಕು ಸಲ ಮೀರಬಾರದು. ನನ್ನ ತಂಗಿಯ ಮನೆಯಲ್ಲಿ ಅಳತೆಯ ಮುಚ್ಚಳ ಹುಡುಕಿದರೆ ಅದು ದೇವರ ಮನೆಯಲ್ಲಿತ್ತು, ಕುಂಕುಮ ತುಂಬಿಕೊಂಡು. ಮಗುವಿಗೆ ಮಾತ್ರ ಸಾರಿನ ಚಮಚದಲ್ಲಿ ಔಷಧಿ! ದಯವಿಟ್ಟು ಆ ಮುಚ್ಚಳವನ್ನು ಬಾಟಲಿಗೇ ಹಾಕಿಡಿ. ಅಂಗಡಿಯವರು ಕೊಟ್ಟರೆಂದು ಆಸ್ಪಿರಿನ್ ಆಗಲಿ ನಿಮೆಸುಲೈಡ್ ಆಗಲಿ ಮುಟ್ಟಬೇಡಿ. ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಅತ್ತೆಯವರ ಕಂಬಳಿಯ ಬದಲು ಒಂದು ತೆಳು ಪಂಚೆ ಸಾಕು.

"ತಲೆಗೇರುವುದು" ಎಂದು ನಂಟರು ಹೆದರಿದ್ದು ಫಿಟ್ಸಿಗೆ. ನನ್ನ ಮಗಳಿಗೆ ಒಂದೂವರೆ ವರ್ಷದಲ್ಲಿ ಅದು ಬಂತು. ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಅದುರುತ್ತಿದ್ದವು. ಯಾರೋ ಕಬ್ಬಿಣದ ಬೀಗದ ಕೈ ಹಿಡಿಸಿದರು, ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಒತ್ತಿದರು. ನಾಲಿಗೆ ಕಚ್ಚಿಕೊಂಡೀತೆಂದು ಹಿರಿಯರೊಬ್ಬರು ಚಮಚದ ಹಿಡಿಯನ್ನು ಹಲ್ಲಿನ ಸಂದಿಗೆ ತುರುಕಿದರು. ಫಿಟ್ಸ್ ಎರಡೇ ನಿಮಿಷಕ್ಕೆ ತಾನಾಗಿ ನಿಂತಿತು. ಮುರಿದ ಹಾಲುಹಲ್ಲಿನ ಚೂರನ್ನು ಅವಳ ತುಟಿಯ ರಕ್ತದಲ್ಲಿ ನನ್ನ ಬೆರಳಿನಿಂದಲೇ ತೆಗೆದೆ. ಆ ನೋವು ನಾವು ಕೊಟ್ಟದ್ದು, ಜ್ವರ ಕೊಟ್ಟದ್ದಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಮಗುವನ್ನು ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಬೇಕು. ಬೇಗ ನಿಂತರೂ ಮೊದಲ ಸಲವಾದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಇನ್ನು ಇಂಜೆಕ್ಷನ್. ವೈರಸ್ಸಿನಿಂದ ಬಂದ ಜ್ವರಕ್ಕೆ ಆಂಟಿಬಯೋಟಿಕ್ ಸೂಜಿ ಏನನ್ನೂ ಮಾಡುವುದಿಲ್ಲ. ಮೂರನೆಯ ದಿನ ತಾನಾಗಿ ಇಳಿಯುವ ಜ್ವರದ ಕೀರ್ತಿ ಎರಡನೆಯ ದಿನ ಚುಚ್ಚಿದ ಸೂಜಿಗೆ ಹೋಗುತ್ತದೆ, ಅಷ್ಟೇ. ಸೂಜಿ ಹಾಕದೆ "ಕಾದು ನೋಡಿ" ಎಂದು ಹೇಳಿ ಕಳಿಸುವ ವೈದ್ಯರನ್ನು ಕೈಗುಣವಿಲ್ಲದವರೆಂದು ನಾವೇ ಆಡಿಕೊಳ್ಳುತ್ತೇವೆ. ನನಗೆ ಅಂಥವರ ಮೇಲೆಯೇ ಗೌರವ.

ಹಾಗೆಂದು ಜ್ವರ ಬಿಟ್ಟಿತೆಂದು ಮೈಮರೆಯುವಂತಿಲ್ಲ. ಡೆಂಗಿಯಲ್ಲಿ ಅಪಾಯ ಹೆಚ್ಚುವುದೇ ಜ್ವರ ಇಳಿಯುವ ಹೊತ್ತಿನಲ್ಲಿ, ಮೂರರಿಂದ ಏಳನೆಯ ದಿನದೊಳಗೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ತಡಮಾಡಬಾರದು.

ಡೆಂಗಿ ಎಂದಾಗ ನನ್ನ ಹೊಟ್ಟೆ ಉರಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಂಥ ಬರದ ಸೀಮೆಯಲ್ಲಿ ಸೊಳ್ಳೆಯ ರೋಗವೇಕೆ? ನಲ್ಲಿ ನೀರು ಎಂಟು ಹತ್ತು ದಿನಕ್ಕೊಮ್ಮೆ ಬರುವ ಬೀದಿಗಳಲ್ಲಿ ಡ್ರಮ್ಮು, ತೊಟ್ಟಿ, ಬಿಂದಿಗೆ ತುಂಬಿಟ್ಟುಕೊಳ್ಳದೆ ಬದುಕುವುದು ಹೇಗೆ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ನಮ್ಮ ಸರ್ಕಾರ 2024ರಲ್ಲಿ ಘೋಷಿಸಿತು. ನೀರು ನಿಲ್ಲಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಆ ನೀರನ್ನು ಕೂಡಿಡುವಂತೆ ಮಾಡಿದವರಿಗೆ ದಂಡವಿಲ್ಲ. ಮಗು ಮಲಗಿದಾಗ ತಾಯಿಯನ್ನು ಬೈಯುವ ನಂಟರು ನಗರಸಭೆಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಡ್ರಮ್ಮಿನ ಬಾಯಿಗೆ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ. ವಾರಕ್ಕೊಮ್ಮೆ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಬರಿದು ಮಾಡಿ. ನಿಮ್ಮ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದನ್ನು ತಾರೀಖಿನ ಸಮೇತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ